ಒಳಗ ಜರ್ಮನಿ ಐತಿ

ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ಕೇಳುವ ಪ್ರಶ್ನೆಗಳಿಗೆ ಒಂದು ಗೊತ್ತಾದ ಕ್ರಮವಿದೆ. ಎಲೆಯ ತುದಿಗೆ ಉಪ್ಪು ಬೀಳುವ ಹೊತ್ತಿಗೆ ಊರು, ಕೋಸಂಬರಿ ಬರುವಷ್ಟರಲ್ಲಿ ಮನೆತನ, ಪಲ್ಯದ ಜೊತೆಗೆ ಮಕ್ಕಳ ವಿಚಾರಣೆ, ಅನ್ನದ ಬುಟ್ಟಿ ಹತ್ತಿರ ಬರುವಾಗ ಮಾತ್ರ, "ನೀವೇನ್ ಓದೀರಿ?" ಡಾಕ್ಟರು, ವಕೀಲರು, ಮಾಸ್ತರರು ಒಂದೇ ಪದದಲ್ಲಿ ಉತ್ತರಿಸಿ ನಿಶ್ಚಿಂತೆಯಿಂದ ಊಟಕ್ಕೆ ಮರಳುತ್ತಾರೆ. ಆ ಭಾಗ್ಯ ನನ್ನದಲ್ಲ. ನನ್ನ ಪದವಿಯ ಹೆಸರನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಸಾರು ಎಲೆಯ ಅಂಚು ದಾಟಿ ಪ್ರಶ್ನೆ ಕೇಳಿದವರ ಸೀರೆಯ ಕಡೆಗೆ ಪಯಣ ಬೆಳೆಸಿರುತ್ತದೆ. ಮಣ್ಣು, ನೀರು, ಕಾಡು ಮತ್ತು ಇವುಗಳ ನಡುವೆ ಬದುಕುವ ಜನ, ಇಷ್ಟನ್ನೂ ಒಟ್ಟಿಗೆ ಕಲಿಸುವ ಅಂತರ್‌ಶಿಸ್ತೀಯ ಸ್ನಾತಕೋತ್ತರ ಪದವಿ ಅದು. ಕಲಿತದ್ದು ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ. ಇಷ್ಟು ಹೇಳಿದ ಮೇಲೂ ಪಕ್ಕದವರು ಕರುಣೆಯಿಂದ, "ಅಂದ್ರ ನೌಕರಿ ಏನೂ ಹತ್ತಲಿಲ್ಲ ಹೌದಲ್ರಿ?" ಎಂದು ಕೇಳುವುದುಂಟು.

ಅದನ್ನು ಓದಲು ಹೊರಟ ಕತೆಯನ್ನು ಪಂಕ್ತಿಯಲ್ಲಿ ಹೇಳಲಾಗುವುದಿಲ್ಲ. ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾವಾಗ ಮುಂಡಗೋಡದ ಹತ್ತಿರದ ಪಾಳಾ ಎಂಬ ಊರಿನಲ್ಲಿದ್ದೆವು. ನಮ್ಮವರು ಮುಂಡಗೋಡದ ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ತರರು. ನಾನು ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ, ಹಳ್ಳಿಗಳ ಕೆರೆಗಳಿಂದ ಹೂಳು ತೆಗೆಸುವ ಸಣ್ಣದೊಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಮನೆಯಲ್ಲಿ ನಮ್ಮ ಅತ್ತೆ ಗಂಗವ್ವ, ಆಗತಾನೇ ಶಾಲೆಯ ಮೆಟ್ಟಿಲು ಹತ್ತಿದ್ದ ಮಗಳು ಗೌರಿ. ಯಾವ ಕೊರತೆಯೂ ಇಲ್ಲದ ಸಂಸಾರ. ಮನುಷ್ಯರಿಗೆ ಬುದ್ಧಿ ಕೆಡುವುದು ಇಂಥ ಹೊತ್ತಿನಲ್ಲಿಯೇ.

ಒಂದು ದಿನ ಕೆಲಸದ ಮೇಲೆ ಸಾಂಬ್ರಾಣಿ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಕೆರೆಯ ಏರಿಯ ಮೇಲೆ ಸಭೆ. ಹೂಳು ಯಾವಾಗಿನಿಂದ ತುಂಬಿದೆ ಎಂದು ಕೇಳಿದೆ. ಒಬ್ಬರು ಮೇಲಿನ ಅಡವಿಯ ಮಾತು ತೆಗೆದರು. ಇನ್ನೊಬ್ಬರು ಗೋವಾಕ್ಕೆ ಕೂಲಿಗೆ ಹೋದ ಮಗನನ್ನು ನೆನೆದರು. ಮೂರನೆಯವರಿಗೆ ಕರು ತೀರಿಕೊಂಡ ದುಃಖ. ರೋಜಿ ಎಂಬ ಸಿದ್ದಿ ಹೆಂಗಸು ತನ್ನ ಮಗಳ ಮದುವೆ ಯಾಕೆ ಮುಂದಕ್ಕೆ ಹೋಯಿತೆಂದು ಹೇಳುತ್ತ ಹೇಳುತ್ತ ಅದೇ ಕೆರೆಗೆ ಬಂದು ಮುಟ್ಟಿದಳು. ಸಂಜೆಯಾಯಿತು. "ಇಷ್ಟೆಲ್ಲಾ ಹೇಳಿದಿವಿ, ನೀವೇನ ಬರಕೊಂಡ್ರಿ ಅಕ್ಕಾರ?" ಎಂದು ಅವಳು ಕೇಳಿದಾಗ ನನ್ನ ಕೈಯಲ್ಲಿದ್ದ ಹಾಳೆ ಬಿಳಿಚಿಕೊಂಡಂತೆ ಖಾಲಿ ಇತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹಳಿಯಾಳದ ಬಸ್ಸಿನಲ್ಲಿ ಕುಳಿತಾಗ, ಆ ಮಾತುಗಳೆಲ್ಲ ಒಂದೇ ಮಾತೆಂದು ತೋರತೊಡಗಿತು. ಅದನ್ನು ಒಂದಾಗಿ ಕೇಳಿಸಿಕೊಳ್ಳುವ ವಿದ್ಯೆ ನನ್ನ ಬಳಿ ಇರಲಿಲ್ಲ, ಅಷ್ಟೆ. ಅದಾದ ಕೆಲವೇ ವಾರಗಳಲ್ಲಿ ಧಾರವಾಡಕ್ಕೆ ಹೋದಾಗ, ಗ್ರಂಥಾಲಯದ ಸೂಚನಾಫಲಕದ ಮೇಲೆ, ಜರ್ಮನಿಯ ಕೋರ್ಸೊಂದರ ಪ್ರಕಟಣೆಯಲ್ಲಿ, ಆ ವಿದ್ಯೆಯ ಹೆಸರು ಕಣ್ಣಿಗೆ ಬಿತ್ತು. ಓದಿದೆ. ಹಿಂದಿರುಗಿ ಬಂದು ಮತ್ತೊಮ್ಮೆ ಓದಿದೆ.

ಮನೆಯಲ್ಲಿ ವಿಷಯ ಮಂಡಿಸಿದಾಗ ಅತ್ತೆ ಅಕ್ಕಿ ಆರಿಸುತ್ತಿದ್ದರು.

"ಏನ್ ಕಲಸ್ತಾರವಾ ಅದರಾಗ?"

"ಅಂತರ್‌ಶಿಸ್ತು ಅಂತಾರ್ರೀ ಅತ್ತಿ."

"ಶಿಸ್ತ ಕಲಿಯಾಕ ಅಷ್ಟ ದೂರ ಹೋಗಬೇಕೇನ? ಮೊದ್ಲ ನಿನ್ನ ಕಪಾಟ ತಗದ ನೋಡು ಹೋಗು."

ಕಪಾಟಿನ ವಿಷಯದಲ್ಲಿ ನನ್ನ ಪರವಾಗಿ ಹೇಳುವಂಥದ್ದು ಏನೂ ಇರಲಿಲ್ಲ. ಆದರೂ ಅತ್ತೆ ಬೇಡವೆನ್ನಲಿಲ್ಲ ಎಂಬುದನ್ನು ನಾನೂ ನಮ್ಮವರೂ ಗಮನಿಸಿದೆವು.

ಅರ್ಜಿಯೆಂಬುದು ಅರ್ಜಿಸುವ ಕೆಲಸ ಎಂದು ತಿಳಿದದ್ದು ಆಗ. ಅಂಕಪಟ್ಟಿಗಳಿಗೆ ಸಹಿ ಮಾಡಿಸಲು ನಮ್ಮವರು ಸೈಕಲ್ಲಿನ ಮೇಲೆ ಮುಂಡಗೋಡದ ಕಚೇರಿಗಳನ್ನೆಲ್ಲ ಸುತ್ತಿದರು. ಎಲ್ಲಕ್ಕಿಂತ ಕಠಿಣವಾದದ್ದು, ಈ ಕೋರ್ಸು ನಿಮಗೇಕೆ ಬೇಕು ಎಂದು ತಿಳಿಸಿ ಬರೆಯಬೇಕಾದ ಒಂದು ಪುಟ. ಸುಸ್ಥಿರತೆ, ಸಮಗ್ರತೆ, ಸಮತೋಲನ ಎಂದು ನನಗೆ ಗೊತ್ತಿದ್ದ ಸಕಾರಗಳನ್ನೆಲ್ಲ ಇಂಗ್ಲಿಷಿನ ವೇಷ ತೊಡಿಸಿ ಮೆರವಣಿಗೆ ಹೊರಡಿಸಿದೆ. ನಮ್ಮವರು ಓದಿ, ಉತ್ತರಪತ್ರಿಕೆ ನೋಡುವ ಗಾಂಭೀರ್ಯದಿಂದ ಕನ್ನಡಕ ತೆಗೆದರು.

"ಎಲ್ಲಾ ಬರೋಬ್ಬರಿ ಐತಿ ಶಾರದಾ. ಆದ್ರ ಇದರಾಗ ನೀ ಎಲ್ಲಿ ಅದಿ?"

ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಆ ಹಾಳೆಯನ್ನು ಒಲೆಗೆ ಹಾಕಿ, ಸಾಂಬ್ರಾಣಿ ಕಡೆಯ ಕೆರೆಯ ಏರಿ, ರೋಜಿಯ ಮಗಳ ಮದುವೆ, ನನ್ನ ಖಾಲಿ ಹಾಳೆ, ಇವನ್ನು ಇದ್ದ ಹಾಗೆಯೇ ಬರೆದು ಕಳಿಸಿದೆ.

ಬೇಸಿಗೆಯಲ್ಲಿ ಉತ್ತರ ಬಂತು. ಆಯ್ಕೆ ಸಮಿತಿಯವರು ದೂರವಾಣಿಯಲ್ಲಿ ಸಂದರ್ಶನ ಮಾಡುತ್ತಾರಂತೆ; ನಂಬರು ತಿಳಿಸಬೇಕಂತೆ. ನಮ್ಮ ಮನೆಯಲ್ಲಿ ಫೋನೆಲ್ಲಿ? ಮುಂಡಗೋಡ ಬಸ್‌ಸ್ಟ್ಯಾಂಡಿನ ಹತ್ತಿರ ಮಕ್ತುಂಸಾಬರ ಎಸ್‌ಟಿಡಿ ಬೂತಿತ್ತು. ಅವರ ನಂಬರನ್ನೇ ಕೊಟ್ಟೆವು. ಜರ್ಮನಿಯವರು ಗೊತ್ತುಮಾಡಿದ ದಿನ ಸಂತೆಯ ದಿನವೇ ಆಗಬೇಕೆ? ವಾರದ ಉಳಿದ ದಿನಗಳೆಲ್ಲ ನಿದ್ದೆ ಹೋಗುವ ಆ ಬೀದಿಯಲ್ಲಿ ಅಂದು ಮೆಣಸಿನಕಾಯಿಯ ಘಾಟು, ಮೇಕೆಗಳ ಆಕ್ರಂದನ, ಹುಬ್ಬಳ್ಳಿ ಬಸ್ಸಿನ ಹಾರ್ನು. ನಮ್ಮವರಿಗೆ ಪರೀಕ್ಷೆಯ ಕೆಲಸ. ಜೊತೆಗೆ ಬಂದವರು ಅತ್ತೆ. ಹೊಸ ಇಳಕಲ್ ಸೀರೆ ಉಟ್ಟಿದ್ದರು. "ಫೋನಿನ್ಯಾಗ ಕಾಣೂದಿಲ್ರಿ ಅತ್ತಿ" ಎಂದರೆ, "ನನಗ ಗೊತ್ತೈತಿ. ನಾ ಉಟ್ಟಿದ್ದು ನನಗ ಕಾಣತೈತಲ್ಲ" ಎಂದರು.

ಮಕ್ತುಂಸಾಬರು ಬೂತನ್ನು ಗುಡಿಸಿ, ಊದುಬತ್ತಿ ಹಚ್ಚಿ, ನನ್ನನ್ನು ಗಾಜಿನ ಡಬ್ಬಿಯೊಳಗೆ ಕೂರಿಸಿದರು. ಫೋನು ರಿಂಗಾದಾಗ ನಾನು ಎದ್ದು ನಿಂತೆ. ಕೊನೆಯವರೆಗೂ ನಿಂತೇ ಇದ್ದೆ. ಆ ಕಡೆಯಿಂದ ಪ್ರಾಧ್ಯಾಪಕಿಯೊಬ್ಬರ ಸೌಮ್ಯವಾದ ಧ್ವನಿ. ಕೆರೆಯ ಬಗ್ಗೆ ಕೇಳಿದರು, ಹೇಳಿದೆ. ಮಣ್ಣಿನ ಬಗ್ಗೆ ಕೇಳಿದರು, ಹೇಳಿದೆ. ಆಗ ಗಾಜಿನಾಚೆಯಿಂದ ಜಗಳದ ಸದ್ದು ಕೇಳಿಸಿತು. ರೈತರೊಬ್ಬರು ತುರ್ತಾಗಿ ಹುಬ್ಬಳ್ಳಿಗೆ ಫೋನು ಮಾಡಬೇಕೆಂದು ಬಾಗಿಲಿಗೆ ಕೈ ಹಾಕಿದ್ದರು. ಅತ್ತೆ ಎರಡೂ ತೋಳು ಚಾಚಿ ಬಾಗಿಲಿಗೆ ಅಡ್ಡವಾಗಿದ್ದರು.

"ತಡೀರಿ ಯಜಮಾನ್ರ! ಒಳಗ ಜರ್ಮನಿ ಐತಿ!"

"ಯಾರರ ಇರ್ಲಿ ಬೇ, ಲಗೂ ಹೊರಗ ಬಾ ಅನ್ರಿ!"

ಪ್ರಾಧ್ಯಾಪಕಿ ಮಾತು ನಿಲ್ಲಿಸಿ ಅದೇನು ಗಲಾಟೆಯೆಂದು ಕೇಳಿದರು. ಸುಳ್ಳು ಹೇಳುವಷ್ಟು ಇಂಗ್ಲಿಷು ನನಗೆ ಆ ಕ್ಷಣದಲ್ಲಿ ಒದಗಲಿಲ್ಲ. ನಮ್ಮ ಅತ್ತೆ ನಿಮ್ಮ ದೇಶವನ್ನು ಕಾಯುತ್ತಿದ್ದಾರೆ ಎಂದೆ. ಅವರು ನಕ್ಕ ನಗೆ ಇನ್ನೂ ಕಿವಿಯಲ್ಲಿದೆ. ಆಮೇಲೆ ಮೆಲ್ಲಗೆ ಕೇಳಿದರು: ನಿಮಗೆ ಸಣ್ಣ ಮಗಳಿದ್ದಾಳೆಂದು ಅರ್ಜಿಯಲ್ಲಿದೆ, ನೀವು ಬಂದುಬಿಟ್ಟರೆ ಮನೆಯವರು ಏನನ್ನುತ್ತಾರೆ? ಬಾಗಿಲು ತೆರೆದು ಅತ್ತೆಯನ್ನೇ ಕೇಳಿದೆ. ರೈತರೂ ಮಕ್ತುಂಸಾಬರೂ ಉತ್ತರಕ್ಕಾಗಿ ಅವರ ಮುಖ ನೋಡಿದರು.

"ಹೋಗಿ ಬರ್ತಾಳ ಅಂತ ಹೇಳು ಆ ಅಕ್ಕಾರಿಗೆ. ಬರೇ ಹೋಗ್ತಾಳ ಅಂದ್ರ ನಾ ಕಳಸೂದಿಲ್ಲ."

ಹೋಗಿಬರುವುದು ಎಂಬ ನಮ್ಮ ಮಾತಿಗೆ ಇಂಗ್ಲಿಷಿನಲ್ಲಿ ಮನೆಯಿಲ್ಲ. ಹೋಗುತ್ತಾಳೆ ಮತ್ತು ಬರುತ್ತಾಳೆ ಎಂದು ತುಂಡು ಮಾಡಿ ದಾಟಿಸಿದೆ. ಆ ಕಡೆಯಿಂದ, ಅವರಿಗೆ ನನ್ನ ವಂದನೆ ತಿಳಿಸಿ, ಎಂಬ ಮಾತು ಬಂತು.

ಮಳೆ ಹಿಡಿದ ಮೇಲೆ ಪ್ರವೇಶ ಸಿಕ್ಕ ಸುದ್ದಿ ಬಂತು, ವಿದ್ಯಾರ್ಥಿವೇತನದ ಸಮೇತ. ನಮ್ಮವರು ಓಣಿಗೆಲ್ಲ ಪೇಢೆ ಹಂಚಿದರು. ಆ ಮಧ್ಯಾಹ್ನ ಗೌರಿ ಎಂದಿನಂತೆ ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದ್ದಳು. ಬಿಡಿಸಿಕೊಂಡು ಏಳಬೇಕೆಂದರೆ ಕೈ ಬರಲಿಲ್ಲ. ಹಾಗೆಯೇ ಕುಳಿತೆ. ಸಂಜೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಬಳಿಗೆ ಹೋಗಿ, "ನಾ ಹೋಗೂದಿಲ್ರೀ ಅತ್ತಿ. ಹುಡುಗಿ ಭಾಳ ಸಣ್ಣಾಕಿ ಅದಾಳ" ಎಂದೆ.

ರೊಟ್ಟಿಯ ಸಪ್ಪಳ ನಿಲ್ಲಲಿಲ್ಲ. "ಹುಡುಗಿ ಸಣ್ಣಾಕಿ ಅದಾಳ, ಖರೆ. ನೀನೂ ಏನ್ ಭಾಳ ದೊಡ್ಡಾಕಿ ಇಲ್ಲ. ಇಬ್ರಿಗೂ ರೂಢಿ ಮಾಡಸ್ತೇನಿ ತಗೋ. ನಾಳಿಂದ ಮುಂಜಾನೆ, ಆಕಿ ಸಾಲಿಗೆ ಹೋಗೂತನಕ, ನೀ ಜರ್ಮನಿಯೊಳಗ ಇದ್ದಂಗ. ಹಿತ್ತಲದಾಗ ಒಗಿಯೂ ಕಲ್ಲಿನ ಮ್ಯಾಲೆ ಕುಂದರು. ಒಳಗ ಕಾಲಿಡಬ್ಯಾಡ."

ಹೀಗೆ ನಾನು ವೀಸಾ ಬರುವ ಮೊದಲೇ ವಿದೇಶಕ್ಕೆ ತೆರಳಿದೆ. ಅಲ್ಲಿ ಒಂದು ನುಗ್ಗೆ ಗಿಡ, ಒಂದು ಕರಿಬೇವು, ನಾಗರಿಕತ್ವ ಪಡೆದ ನಾಲ್ಕಾರು ಕೋಳಿಗಳಿದ್ದವು. ನಮ್ಮವರು ಚಹಾ ತಂದು, "ಪಾಸ್‌ಪೋರ್ಟ್ ತೋರಸ್ರಿ" ಎಂದು ಗಡಿಯಲ್ಲಿ ನಿಲ್ಲುತ್ತಿದ್ದರು. ಮೊದಮೊದಲು ಗೌರಿ ಅಳುತ್ತ ಹಿತ್ತಲಿಗೆ ಓಡಿ ಬರುವಳು. ಅತ್ತೆ ಎತ್ತಿಕೊಂಡು ಹೋಗುವರು. ನಾನು ಕಲ್ಲಿಗೆ ಕಲ್ಲಾಗಿ ಕೂರಲು ನೋಡುವೆ. ಒಂದು ದಿನ ಕಿಟಕಿಯಿಂದ ನೋಡಿದರೆ ಅತ್ತೆಯ ಕೈಯಲ್ಲಿ ಮಗಳ ಜಡೆ ಒಂದು ಕಡೆಗೆ ವಾಲುತ್ತಿದೆ. ತಡೆಯಲಾಗಲಿಲ್ಲ. "ಎಡಗಡೆ ಬಿಗಿ ಆಗೇತ್ರೀ ಅತ್ತಿ" ಎಂದು ಕೂಗಿದೆ.

ಗೌರಿ ತಲೆ ತಿರುಗಿಸಿ, ಅತ್ಯಂತ ಗಂಭೀರವಾಗಿ ಹೇಳಿದಳು: "ಅವ್ವಾ, ನೀ ಜರ್ಮನಿಯೊಳಗ ಅದಿ. ಅಲ್ಲಿಂದ ಕಾಣೂದಿಲ್ಲ."

ಅಂದು ಅವಳು ಪಾಟಿಚೀಲ ಏರಿಸಿಕೊಂಡು, ವಾಲಿದ ಜಡೆಯಲ್ಲಿಯೇ ನಗುತ್ತ ಶಾಲೆಗೆ ಹೋದಳು. ಅಳುವ ಸರದಿ ನನ್ನದಾಗಿತ್ತು. ಅತ್ತೆ ಬಂದು ಒಗೆಯುವ ಕಲ್ಲಿನ ಇನ್ನೊಂದು ತುದಿಗೆ ಕುಳಿತರು. ನನ್ನ ಬೆನ್ನಿನ ಮೇಲೆ ಹಿಟ್ಟಿನ ಕೈ ಇಟ್ಟರು.

ಹೋದೆ. ಅಲ್ಲಿಯ ಮೊದಲ ದಿನವೇ ನಾನು ಸರಿಯಾದ ಜಾಗಕ್ಕೆ ಬಂದೆನೆಂದು ಗೊತ್ತಾಯಿತು: ತರಗತಿಯಲ್ಲಿ ಯಾರಿಗೂ ತಾವು ಏನು ಓದುತ್ತಿದ್ದೇವೆಂದು ತಂತಮ್ಮ ಮನೆಯವರಿಗೆ ವಿವರಿಸಲು ಸಾಧ್ಯವಾಗಿರಲಿಲ್ಲ. ಕೆರೆಯ ಏರಿಯ ಮೇಲೆ ಕೇಳಿದ್ದು ಒಂದೊಂದಾಗಿ ಅರ್ಥವಾಗತೊಡಗಿತು. ರವಿವಾರಗಳಂದು ಮಕ್ತುಂಸಾಬರ ಬೂತಿಗೆ ಫೋನು ಮಾಡುತ್ತಿದ್ದೆ. ಮೊದಲು ಗೌರಿ, "ಅವ್ವಾ, ಏನ್ ಮಾಡಾಕ್ಹತ್ತಿ?" ಎನ್ನುತ್ತಿದ್ದಳು. ಎರಡನೆಯ ವರ್ಷ ಅದು "ಆರಾಮ ಅದೀರೇನ್ರಿ?" ಎಂದಾಯಿತು. ಬೂತಿನಲ್ಲಿ ಸುತ್ತ ಜನರಿದ್ದಾರೆ, ಮರ್ಯಾದೆ ಕಲಿತಿದ್ದಾಳೆ ಎಂದುಕೊಂಡೆ. ಖರೆ ಹೇಳಬೇಕೆಂದರೆ, ಹಾಗೆಂದುಕೊಳ್ಳಲು ಪ್ರಯತ್ನಿಸಿದೆ.

ಎರಡು ವರ್ಷ ಮುಗಿಸಿ ಪಾಳಾದ ಮನೆಯ ಮುಂದೆ ಇಳಿದಾಗ ಬಾಗಿಲಲ್ಲಿ ಗೌರಿ ನಿಂತಿದ್ದಳು. ಎತ್ತರವಾಗಿದ್ದಳು. ಮುಂದಿನ ಹಲ್ಲುಗಳು ಹೊಸದಾಗಿ ಬಂದಿದ್ದವು. ನಾನು ಕೈ ಚಾಚಿದೆ. ಅವಳು ಹಿಂದೆ ಸರಿದು, ಬೀಗರು ಬಂದಾಗ ದೊಡ್ಡವರು ಹೇಳುವ ರೀತಿಯಲ್ಲಿ ಹೇಳಿದಳು:

"ಬರ್ರಿ. ಕೈಕಾಲ ತೊಳಕೋರ್ರಿ. ಚಾ ಕುಡೀತೀರೇನ್ರಿ?"

ಅತ್ತೆಯ ಮುಖ ಸಣ್ಣದಾಯಿತು. "ನಿಮ್ಮವ್ವ ದೊಡ್ಡಾಕಿ ಆಗಾಕ ಹೋಗ್ಯಾಳ, ದೊಡ್ಡವ್ರಿಗೆ ರೀ ಹಚ್ಚಿ ಮಾತಾಡಬೇಕು ಅಂತ ನಾನ ಆಕಿಗೆ ಹೇಳಿದ್ನೆವಾ" ಎಂದರು ನನಗೆ. ಮಗುವಿನ ಕಡೆ ತಿರುಗಿ, "ಏ ಗೌರಿ, ಅವ್ವಗ ಬಾ ಅನ್ನಬೇಕು" ಎಂದರು. ಗೌರಿ ಅವರ ಸೀರೆಯ ಹಿಂದೆ ಅಡಗಿದಳು.

"ಇರ್ಲಿ ಬಿಡ್ರಿ ಅತ್ತಿ" ಎಂದೆ. ಚಹಾ ಕುಡಿದೆ. ಬಹುವಚನದಲ್ಲಿ ಕೊಟ್ಟ ಚಹಾ ಅಷ್ಟು ಬೇಗ ಗಂಟಲಿಳಿಯುವುದಿಲ್ಲ.

ಮುಂದಿನ ದಿನಗಳಲ್ಲಿ ಗೌರಿ ಒಂದು ವಿಚಿತ್ರ ವ್ಯಾಕರಣ ಕಂಡುಹಿಡಿದಳು. ಬಾ ಎನ್ನಲು ಸಂಕೋಚ, ಬರ್ರಿ ಎಂದರೆ ಅಜ್ಜಿ ಬೈಯುತ್ತಾರೆ. ಹಾಗಾಗಿ ಕ್ರಿಯಾಪದಗಳನ್ನೇ ಕೈಬಿಟ್ಟಳು. ದೂರದಲ್ಲಿ ನಿಂತು, "ಊಟ" ಎನ್ನುವಳು. "ನೀರು." "ಹಾಸಿಗಿ." ನಾನೂ ಅವಸರ ಮಾಡಲಿಲ್ಲ. ಅವಳ ಜೊತೆ ಶಾಲೆಯವರೆಗೆ ನಡೆದೆ, ಗುಬ್ಬಿಗೂಡು ನೋಡಿದೆ, ಆಟದಲ್ಲಿ ಅವಳು ಸೋಲಿಸಿದ ಹುಡುಗಿಯರ ಕತೆ ಕೇಳಿದೆ. ಎಷ್ಟೋ ಭಾಷೆಗಳ ನಡುವೆ ಓಡಾಡಿ ಬಂದವಳು ಒಂದು ಏಕವಚನಕ್ಕಾಗಿ ಬಾಗಿಲಲ್ಲಿ ಕಾಯುತ್ತ ಕುಳಿತೆ.

ಒಂದು ಮುಂಜಾನೆ ಶಾಲೆಗೆ ಹೊತ್ತಾಗಿತ್ತು. ನಾನು ಅಡುಗೆಮನೆಯಲ್ಲಿದ್ದೆ. ಪಡಸಾಲೆಯಿಂದ ಸಿಡಿಲಿನಂಥ ದನಿ ಬಂತು:

"ಏ ಅವ್ವಾ! ನನ್ನ ರಬ್ಬರ ಎಲ್ಲಿ ಇಟ್ಟಿ? ನಿನ್ನಿಂದ ಸಾಕಾಗಿ ಹೋಗೇತಿ ನೋಡ ನನಗ! ಲಗೂನ ಬಾ!"

ದಾಡಿ ಮಾಡಿಕೊಳ್ಳುತ್ತಿದ್ದ ನಮ್ಮವರ ಕೈ ನಿಂತಿತು. ಅತ್ತೆ ಸೌಟು ಹಿಡಿದಂತೆಯೇ ನನ್ನ ಮುಖ ನೋಡಿದರು. ಆ ರಬ್ಬರನ್ನು ನಾನು ಕಣ್ಣಿನಿಂದಲೂ ನೋಡಿರಲಿಲ್ಲ.

"ಬಂದೆನವಾ, ಬಂದೆ" ಎಂದು ಓಡಿದೆ.