ಕಲಾಯಿ ಒಲೆಯ ಹೊಗೆ

ನ್ಯಾಮತಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಪಂಕ್ಚರ್ ಅಂಗಡಿ, ಅದಕ್ಕಂಟಿಕೊಂಡೇ ದಾವೂದ್ ಸಾಬರ ಕಲಾಯಿ ಒಲೆ. ಮದುವೆ ಬಿರಿಯಾನಿಯ ತಾಮ್ರದ ದೇಗಕ್ಕೂ, ಲಿಂಗಾಯತರ ಮನೆಯ ಹಿತ್ತಾಳೆ ಕೊಳಗಕ್ಕೂ ಅವರೇ ತವರ ಬಳಿಯುತ್ತಿದ್ದರು. ಕಾದ ಪಾತ್ರೆಗೆ ನವಸಾಗರದ ಪುಡಿ ಚೆಲ್ಲಿದರೆ ಬಿಳಿ ಹೊಗೆ ಭುಸ್ಸೆಂದು ಏಳುತ್ತದೆ. ಆಗ ತವರ ಮುಟ್ಟಿಸಿ ಹತ್ತಿಯಲ್ಲಿ ತಿಕ್ಕಿದರೆ ಕಪ್ಪು ಹೋಗಿ ಬೆಳ್ಳಿಯಂತಾಗುತ್ತದೆ. ನಾನು ಗಿರಾಕಿಯ ಮೇಲೆ ಎಗರಾಡಿದಾಗಲೆಲ್ಲ ಸಾಬರು ಕೂತಲ್ಲಿಂದಲೇ, "ಪಾಲಣ್ಣ, ಒಂದು ತಂಬಿಗೆ ನಿನ್ನ ತಲೆ ಮೇಲಿಡ್ಲಾ? ಇದ್ದಲು ಉಳೀತೈತೆ" ಅನ್ನುವರು.

ಅಂಥ ಒಲೆಯನ್ನು ಅವರು ಒಂದು ದಿನ ತಮ್ಮ ಕೈಯಾರೆ ಒಡೆದು ಹಾಕಿದರು.

ಅವರಿಗಿದ್ದದ್ದು ಒಬ್ಬಳೇ ಮಗಳು, ರುಹೀನಾ. ಅವಳನ್ನು ಹೊನ್ನಾಳಿಯ ಹಣ್ಣಿನ ವ್ಯಾಪಾರಿ ಜಾವೀದನಿಗೆ ಕೊಟ್ಟಿದ್ದರು. ಮೊದಲ ಹೆರಿಗೆ ತಾಯಿಮನೆಯಲ್ಲಿ ಎಂದು ಬಸುರಿ ಹುಡುಗಿ ಬಂದು, ಒಲೆಯ ಹಿಂದಿನ ಕೋಣೆಯಲ್ಲೇ ದಿನ ತುಂಬಿಸಿಕೊಂಡಳು. ಹುಟ್ಟಿದ ವಸೀಮ್ ಗುಂಡುಗುಂಡಗಿದ್ದ. ಆದರೆ ನಡೆದದ್ದು ತಡ, ಮಾತು ಇನ್ನೂ ತಡ. ಯಾರ ಮುಖವನ್ನೂ ನೋಡನು. ಬಸ್ಸಿನ ಹಾರ್ನ್ ಕೇಳಿದರೆ ಕಿವಿ ಮುಚ್ಚಿ ಚೀರುವನು. ಖುಷಿಯಾದರೆ ಹಕ್ಕಿ ರೆಕ್ಕೆ ಬಡಿದ ಹಾಗೆ ಕೈ ಬಡಿಯುವನು.

ಹುಡುಗಿಯಲ್ಲೇ ಏನೋ ಐಬಿದೆ ಎಂದು ಜಾವೀದನ ತಾಯಿ ದಿಲ್‌ಶಾದ್ ಬೇಗಂ ಹೊನ್ನಾಳಿಗೆ ಮರಳಿದ್ದ ರುಹೀನಾ, ವಸೀಮ್ ಇಬ್ಬರನ್ನೂ ಮತ್ತೆ ನ್ಯಾಮತಿಗೆ ಸಾಗಹಾಕಿದರು. ಸಾಬರು ನಂಬಿದ್ದೇ ಬೇರೆ: ಹೊಟ್ಟೆಯೊಳಗಿನ ಕೂಸು ತಮ್ಮ ಒಲೆಯ ಹೊಗೆ ಕುಡಿದಿದೆ. ಯಾರು ಹೇಳಿದರೂ ಕೇಳದೆ ಒಲೆ ಕೆಡವಿದರು, ತಿದಿಯನ್ನು ಗುಜರಿಗೆ ಹಾಕಿದರು, ಸಂತೆಯಲ್ಲಿ ಬೆಳ್ಳುಳ್ಳಿ ಮಾರಲು ಕುಳಿತರು. ಕೈ ನಡುಗಲು ಶುರುವಾದದ್ದು ಆಮೇಲೆ. ಕೆಲಸ ಬಿಟ್ಟ ಕೈ ನಡುಗದೆ ಏನು ಮಾಡುತ್ತದೆ ಎಂದುಕೊಂಡೆವು. ಬರಬರುತ್ತಾ ತೂಗಿದ್ದನ್ನು ಮರೆತು ಮತ್ತೆ ತೂಗತೊಡಗಿದರು.

ಕೊನೆಗೆ ವಸೀಮನನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಮಗುವನ್ನು ನೋಡಿದರು, ಆಮೇಲೆ ಅಜ್ಜನ ಕೈ ನೋಡಿದರು. ಅಜ್ಜ, ಮಗಳು, ಮೊಮ್ಮಗ ಮೂವರ ರಕ್ತವನ್ನೂ ತೆಗೆಸಿದರು. ಎರಡನೇ ಸಲ ಹೋದಾಗ ಎಲ್ಲರನ್ನೂ ಕೂರಿಸಿ ಹೇಳಿದರು.

ನನಗೆ ತಿಳಿದಷ್ಟು ಇದು. ಮೈಯಲ್ಲಿ ಇಂಥ ಪ್ರೋಟೀನ್ ತಯಾರಾಗಲಿ ಎನ್ನುವ ಅಪ್ಪಣೆಯನ್ನು ಆರ್‌ಎನ್‌ಎ ಎಂಬುದು ಹೊತ್ತು ತರುತ್ತದೆ. ಮಿದುಳಿನಲ್ಲಿ ಆ ಆರ್‌ಎನ್‌ಎಯನ್ನು ಹಿಡಿದು ನಿಲ್ಲಿಸಿ, ಹೊತ್ತು ಬಂದಾಗ ಬಿಡುವ ಒಂದು ಪ್ರೋಟೀನ್ ಇದೆ. ನರಗಳು ಸರಿಯಾಗಿ ಕೂಡಿಕೊಳ್ಳುವುದು, ಕಲಿತದ್ದು ನೆನಪಾಗಿ ನಿಲ್ಲುವುದು ಅದು ಕಾಯುವ ಹದದ ಮೇಲೆ ನಿಂತಿದೆ. ವಸೀಮನ ಮೈಯಲ್ಲಿ ಅದು ತಯಾರಾಗುತ್ತಲೇ ಇಲ್ಲ. ಅದರ ಜೀನಿನಲ್ಲಿ ಒಂದು ತುಣುಕು ಮತ್ತೆ ಮತ್ತೆ ಬಂದು ಉದ್ದವಾಗಿ, ಜೀನೇ ಮುಚ್ಚಿಹೋಗಿದೆ.

ಸಾಬರು, "ಪಾತ್ರೆ ಕಾಯೋ ಮೊದ್ಲೇ ತವರ ಹಾಕ್ದಂಗೆ. ತಡಿ ಅನ್ನೋರು ಇಲ್ಲ" ಎಂದರು.

ಡಾಕ್ಟರಮ್ಮ ಹೆಚ್ಚುಕಡಿಮೆ ಹಾಗೇ ಎಂದರು.

"ಮತ್ತೆ ಹೊಗೆ?"

"ಹೊಗೆಯಿಂದ ಬಂದದ್ದಲ್ಲ, ಅಜ್ಜಾರೆ."

ಆ ತುಣುಕು ಅಜ್ಜನಲ್ಲೂ ಸ್ವಲ್ಪ ಉದ್ದವಾಗಿದೆ. ಅಪ್ಪನಿಂದ ಅದು ಹೆಣ್ಣುಮಕ್ಕಳಿಗೆ ತಪ್ಪದೆ ಹೋಗುತ್ತದಂತೆ. ರುಹೀನಾಳಿಂದ ಮಗುವಿಗೆ ಇಳಿಯುವಾಗ ಪೂರ್ತಿ ಬೆಳೆದಿದೆ. ಸಾಬರ ನಡುಕ, ಮರೆವು ಎರಡೂ ಅದರದ್ದೇ. ರುಹೀನಾಳ ಮುಂದಿನ ಮಗುವಿಗೂ ಆ ಜೀನು ಹೋಗುವ ಸಂಭವ ಅರ್ಧಕ್ಕರ್ಧ.

ವಾಪಸ್ ಬರುವಾಗ ಬಸ್ಸಿನಲ್ಲಿ ಸಾಬರು ಆಡಿದ್ದು ಒಂದೇ ಮಾತು. "ಒಲೆ ಆಗಿದ್ರೆ ಒಡೆದು ಹಾಕಿದ್ದೆ ಪಾಲಣ್ಣ. ರಕ್ತಾನ ಏನು ಮಾಡ್ಲಿ?"

ಬಂದದ್ದು ತಮ್ಮಿಂದ, ಮಗಳ ತಪ್ಪೇನೂ ಇಲ್ಲ ಎಂದು ಬೀಗರಿಗೆ ತಾವೇ ಹೇಳಬೇಕು, ಅವಳು ಗಂಡನ ಮನೆ ಸೇರಬೇಕು. ಅದೊಂದೇ ಹಟ ಅವರಿಗೆ. ಒಂದು ಶುಕ್ರವಾರ ನಮಾಜ್ ಮುಗಿಸಿ ಎಲ್ಲರೂ ಹೊನ್ನಾಳಿಗೆ ಹೋದೆವು. ಡಾಕ್ಟರಮ್ಮನ ಮಾತನ್ನು ಸಾಬರು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದರು.

ನಾನಿದ್ದೇನೆಂದು ಅವರ ಮನೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಚಹಾ ಕೊಟ್ಟರು. ಸಾಬರ ಕೈ ನಡುಗಿ ಬಸಿಯಲ್ಲಿದ್ದದ್ದು ಚೆಲ್ಲಿತು. ಅದನ್ನೇ ನೋಡುತ್ತಾ ಕುಳಿತವರು ತಲೆ ಎತ್ತಿದಾಗ ಬಾಯಿಪಾಠವೆಲ್ಲ ಹೋಗಿತ್ತು.

"ಹೊಗೆ," ಎಂದರು. "ನನ್ನ ಒಲೆ ಹೊಗೆ. ಮಗಳು ಬಸುರಿ ಇದ್ಲು. ನಂದೇ ತಪ್ಪು."

ದಿಲ್‌ಶಾದ್ ಬೇಗಂ ಅವರ ಮುಖ ಸಡಿಲವಾಯಿತು. "ಇದನ್ನ ಮೊದ್ಲೇ ಹೇಳಾಕೆ ಏನಾಗಿತ್ರೀ? ಹುಡುಗಿದೇನೂ ಇಲ್ಲ ಅಂದಂಗಾತು. ಮುಂದಿನ ಕೂಸು ಇಲ್ಲೇ ಹುಟ್ಲಿ, ಬಿಡ್ರಿ." ಜಾವೀದ್ ಎದ್ದು ಹೆಂಡತಿಯ ಬ್ಯಾಗನ್ನು ಕೈಗೆ ತೆಗೆದುಕೊಂಡ. ಅವನೇನು ಕೆಟ್ಟವನಲ್ಲ, ಅವನ ಕಣ್ಣೂ ತುಂಬಿತ್ತು.

ರುಹೀನಾ ಸುಮ್ಮನಿದ್ದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅವಳು ವಸೀಮನ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಹೊಗೆ ಅಲ್ಲ, ಅಮ್ಮಿ. ಅಬ್ಬಾಗೆ ಮರೆವು," ಎಂದು ಅತ್ತೆಗೆ ಹೇಳಿದಳು. "ನನ್ನ ರಕ್ತದಾಗೆ ಐತೆ. ಇನ್ನೊಂದು ಕೂಸಿಗೂ ಬರಬಹುದು."

ಜಾವೀದ್ ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟ. ಬಸುರಿನಲ್ಲೇ ಪರೀಕ್ಷೆ ಮಾಡಿ ತಿಳಿಯಬಹುದೆಂದು ಡಾಕ್ಟರಮ್ಮ ಹೇಳಿದ್ದನ್ನು ನಾನು ಕೂಗಿ ಹೇಳಿದೆ. ಕೂಗಿ ಹೇಳಿದ್ದು ಯಾರ ಕಿವಿಗೂ ಒಳ್ಳೆಯದಾಗಿ ಬೀಳುವುದಿಲ್ಲ. ಹೋಗಿ ಎಂದು ಯಾರೂ ಅನ್ನಲಿಲ್ಲ, ಇರಿ ಎಂದೂ ಅನ್ನಲಿಲ್ಲ. ಬಸ್ಸು ಹತ್ತಿದೆವು.

ಈಗ ಒಲೆಯಿದ್ದ ಜಾಗದಲ್ಲಿ ರುಹೀನಾ ಹೊಲಿಗೆ ಮೆಷಿನ್ ಹಾಕಿಕೊಂಡಿದ್ದಾಳೆ. ಪಕ್ಕದ ಕುರ್ಚಿಯಲ್ಲಿ ಸಾಬರು. ಅಪ್ಪ ಮಗಳ ಮಾತು ಉರ್ದುವಿನಲ್ಲಿ. ಇಷ್ಟು ವರ್ಷದ ನೆರೆಯಲ್ಲಿ ನನಗದು ತಿಳಿಯುತ್ತದೆ. ವಸೀಮ್ ಯಾಕೆ ಹೀಗೆ ಎಂದು ಸಾಬರು ಕೇಳುತ್ತಲೇ ಇರುತ್ತಾರೆ. ಮೊದಮೊದಲು ಅವಳು ಇದ್ದದ್ದನ್ನೇ ಹೇಳುತ್ತಿದ್ದಳು. ಪ್ರತಿ ಸಲವೂ ಆಗಷ್ಟೇ ಕೇಳಿದವರಂತೆ ಅವರು ಎದೆ ಹಿಡಿದುಕೊಂಡು ಅಳುತ್ತಿದ್ದರು.

ಈಗ ಅವಳು, "ಹೊಗೆ, ಅಬ್ಬಾ" ಅನ್ನುತ್ತಾಳೆ.

"ಒಲೆ ಒಡೆದು ಹಾಕಿದ್ನಲ್ಲ?"

"ಒಡೆದು ಹಾಕಿದ್ರಿ."

ಸಾಬರು ನಡುಗುವ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಸದ್ಯ ಎಂದು ಕಣ್ಣು ಮುಚ್ಚುತ್ತಾರೆ.