ಹೆಳವನ ಪುಸ್ತಕದಲ್ಲಿ ನಮ್ಮ ಪುಟ

ಎಂ.ಎ. ಇತಿಹಾಸದ ಬೇಸಿಗೆ ಅವಧಿಯಲ್ಲಿ ನಮಗೆ ಕಲಿಸಿದ್ದು ಒಂದೇ ವಿದ್ಯೆ, ಅನುಮಾನ ಪಡುವುದು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಲೆಯ ಮೇಲೆ ಸುರಿಯುತ್ತಿತ್ತು. ಸರ್ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಯಾವ ದಾಖಲೆ ಸಿಕ್ಕರೂ ಅದರಿಂದ ಯಾರಿಗೆ ಲಾಭವಿತ್ತು ಅಂತ ಮೊದಲು ಕೇಳಿ ಎನ್ನುತ್ತಿದ್ದರು. ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಯಾವಳಾದರೂ ತಾನಾಗಿ ಉಪ್ಪಿನಕಾಯಿ ಬಡಿಸಿದರೆ, ಯಾಕೆ ಬಡಿಸಿದಳು ಅಂತ ಎರಡು ದಿನ ತಲೆ ಕೆಡಿಸಿಕೊಳ್ಳುವವಳು ನಾನು.

ಅವಧಿಯ ಕೊನೆಗೆ ಮೂರು ವಾರದ ಕ್ಷೇತ್ರಕಾರ್ಯ ಬಂತು. ಊರಿಗೆ ಹೋಗಿ ನಮ್ಮ ನಮ್ಮ ಮನೆತನದ ಚರಿತ್ರೆ ಬರೆದು ತರಬೇಕಿತ್ತು. ಲೋಕಾಪುರದಲ್ಲಿ ಬಸ್ಸು ಬದಲಿಸಿ, ಅನಗವಾಡಿಯ ಮಗ್ಗುಲಿಗಿರುವ ನಮ್ಮೂರಿಗೆ ಬಂದಿಳಿದಾಗ ನನ್ನ ಚೀಲದಲ್ಲಿ ಹೊಸ ನೋಟುಬುಕ್ಕಿತ್ತು, ತಲೆಯಲ್ಲಿ ಒಂದು ಹಳೆಯ ಹುಳ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡಿದ್ದ. ಅಲ್ಲಿಂದ ಅವ್ವ, ನಾನು ಇಬ್ಬರೂ ಅಪ್ಪನ ತಮ್ಮ, ಕಾಕಾನ ಆಸರೆಯಲ್ಲಿ. ಕಾಕಾ ನನ್ನನ್ನು ಓದಿಸಿದ, ಖರೆ. ಆದರೆ ಮುಧೋಳದ ಒಂದು ಮದುವೆಯಲ್ಲಿ ಸಂಬಂಧಿಕಳೊಬ್ಬಳು ನನ್ನ ಕಿವಿಯಲ್ಲಿ ಊದಿದ್ದಳು: "ನಿಮ್ಮ ಕಾಕಾ ನಿನ್ನನ್ನ ಮನಿತನದಾಗ ಇಟ್ಟಾನೋ, ತಗದಾನೋ, ಒಮ್ಮೆ ನೋಡ್ಕೋವಾ." ಆ ಮಾತು ಅಲ್ಲೇ ಕೂತಿತ್ತು. ಮನೆತನದ ಚರಿತ್ರೆ ಎಂಬುದು ನನಗೆ ಒಳ್ಳೆಯ ನೆಪವಾಯಿತು.

ನಾನು ಬಂದ ಮೂರನೆಯ ದಿನ ಬೆಳಗ್ಗೆ ಹೆಳವರ ಅಜ್ಜ ಬಂದ. ನಮ್ಮ ಕಡೆ ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ನಾಲ್ಕೈದು ವರ್ಷಕ್ಕೊಮ್ಮೆ ಬಂದು ಓದಿ ಹೇಳುವವರು ಹೆಳವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರಂತೆ. ಈ ಅಜ್ಜ ಮೊಮ್ಮಗನ ಬೈಕಿನಲ್ಲಿ ಬಂದಿದ್ದ. ಬಾಗಿಲಲ್ಲಿ ನಿಂತು ನಮ್ಮ ಏಳು ತಲೆಮಾರಿನ ಹಿರಿಯರ ಹೆಸರನ್ನು ಒಂದೇ ಉಸಿರಿಗೆ ಕೂಗಿದ. ಕಾಕಾ ಕಂಬಳಿ ಹಾಸಿ ಕೂರಿಸಿದ. ಅಜ್ಜ ಕೆಂಪು ಬಟ್ಟೆಯ ಗಂಟು ಬಿಚ್ಚಿ ಪುಸ್ತಕ ತೆಗೆದ. ನಾನು ಮೊಬೈಲಿನಲ್ಲಿ ಧ್ವನಿ ಹಿಡಿಯತೊಡಗಿದೆ.

ಮುತ್ತಜ್ಜನಾಯಿತು, ಅಪ್ಪನ ಅಪ್ಪ ಮುತ್ತ್ಯಾನಾಯಿತು. ಗಂಡುಮಕ್ಕಳ ಜತೆ ಹೆಣ್ಣುಮಕ್ಕಳ ಹೆಸರೂ ಇತ್ತು, ಯಾವ ಊರಿಗೆ ಕೊಟ್ಟರು ಎಂಬುದೂ ಇತ್ತು. ಇನ್ನು ಅಪ್ಪನ ಪುಟ ಬರಬೇಕು, ಅಷ್ಟರಲ್ಲಿ ಕಾಕಾ ಎದ್ದ. "ಸಾಕ್ರಿ ಅಜ್ಜಾರ, ಬಿಸಲೇರಾಕತ್ತೈತಿ, ಊಟಕ್ಕ ಏಳ್ರಿ." ನನ್ನ ಕಡೆ ತಿರುಗಿ, "ಅದನ್ನ ಬಂದ್ ಮಾಡವಾ" ಎಂದ. ಏಳು ತಲೆಮಾರು ಓದಿಸಲು ಸಿಕ್ಕ ಪುರಸೊತ್ತು ಒಂದು ಪುಟಕ್ಕೆ ಸಿಗಲಿಲ್ಲವೆಂದರೆ ಯಾರು ನಂಬುತ್ತಾರೆ? ಊಟದ ಹೊತ್ತಿಗೆ ಕಾಕಾನ ಮುಖವನ್ನೇ ನೋಡಿದೆ. ಅವನು ತಲೆ ಎತ್ತಲಿಲ್ಲ.

ಮರುದಿನ ಬೀರೇಶ್ವರ ಗುಡಿಯ ಕಟ್ಟೆಗೆ ಹೋದೆ. ಅಜ್ಜ ಅಲ್ಲಿ ಬೀಡುಬಿಟ್ಟಿದ್ದ. ಮೊದಲು ಅವನನ್ನೇ ಪರೀಕ್ಷೆ ಮಾಡಿದೆ. ನಮ್ಮ ಮುತ್ತಜ್ಜನಿಗೆ ಇನ್ನೊಬ್ಬ ತಮ್ಮನಿದ್ದ, ಜಮಖಂಡಿ ಅರಮನೆಯಲ್ಲಿ ಚಾಕರಿಗಿದ್ದ ಎಂದು ಹಸಿ ಸುಳ್ಳು ಹೇಳಿದೆ. ಮನೆತನದ ಗೌರವ ಹೆಚ್ಚಿಸುವ ಸುಳ್ಳಾದ್ದರಿಂದ ಹೂಂ ಎನ್ನುತ್ತಾನೆ ಅಂದುಕೊಂಡಿದ್ದೆ. ಅಜ್ಜ ಕನ್ನಡಕದ ಮೇಲಿಂದ ನನ್ನನ್ನು ಅಳೆದ.

"ಇಲ್ಲದವನ್ನ ಯಾಕ ಹುಟ್ಟಸ್ತೀ ತಂಗಿ? ಯಾರ ಕಳಿಸ್ಯಾರ ನಿನ್ನ?"

ಅವನಿಗೂ ನನ್ನ ಮೇಲೆ ಅನುಮಾನ. ಮನುಷ್ಯ ಗಟ್ಟಿ ಅನ್ನಿಸಿತು. ಅಪ್ಪನ ಪುಟ ಓದು ಎಂದೆ. ಕಾಕಾ ಬೇಡ ಅಂದಿದ್ದಾನೆ ಎಂದು ಹಿಂದೆಮುಂದೆ ನೋಡಿದ. ಅದು ನನ್ನ ಅಪ್ಪನ ಪುಟ, ಕಾಕಾನದಲ್ಲ ಎಂದು ಜೋರು ಮಾಡಿದೆ. ಕೊನೆಗೆ ಓದಿದ. ಕಾಕಾನ ಹೆಸರು, ಹೆಂಡತಿ, ಇಬ್ಬರು ಗಂಡುಮಕ್ಕಳು. ಅದರ ಮೇಲೆ ಅಪ್ಪನ ಹೆಸರು, ಅವ್ವನ ಹೆಸರು, ಅವ್ವನ ತವರು. ಮುಂದೆ ಎರಡೇ ಪದ: ಸಂತಾನ ಇಲ್ಲ.

ಯಾರು ಬರೆಸಿದರೆಂದು ನಾನು ಕೇಳಲೇ ಇಲ್ಲ. ಲಾಭ ಯಾರಿಗೆ ಎಂಬುದು ಗೊತ್ತಿತ್ತಲ್ಲ. ಸಿಟ್ಟಿನಲ್ಲಿ ದಾರಿ ಕಾಣಲಿಲ್ಲ. ಮನೆಯಂಗಳದಲ್ಲಿ ಕಾಕಾ ಎಮ್ಮೆಗೆ ಮೇವು ಹಾಕುತ್ತಿದ್ದ. "ಜೀವಂತ ಇರೂ ಹುಡುಗೀನ್ನ ಇಲ್ಲಂತ ಬರಸಾಕ ನಿಮಗ ನಾಚಿಕಿ ಬರಲಿಲ್ಲೇನ್ರಿ ಕಾಕಾ? ಇದಕ್ಕನ ಓದಿಸಿದ್ರೇನು, ಬಾಯಿ ಮುಚ್ಚಿಕೊಂಡಿರ್ತಾಳಂತ?" ಎಂದು ಕೂಗಿಬಿಟ್ಟೆ. ಇಂಥ ಮಾತನ್ನು ನಾನು ಅವನಿಗೆ ಯಾವತ್ತೂ ಆಡಿರಲಿಲ್ಲ.

ಕಾಕಾ ಮೇವಿನ ಕಟ್ಟು ಕೆಳಗಿಟ್ಟ. "ನಾ ಬರಸಿಲ್ಲವಾ" ಎಂದ.

"ಹಂಗಾರ ಯಾರು?"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ನಿಮ್ಮಪ್ಪ ಬರಸಿದ್ದು. ನಿನಗ ಆಗ ಮೂರು ವರ್ಷ. ಹೆಳವ ಎಷ್ಟ ಮಕ್ಕಳ್ರಿ ಅಂತ ಕೇಳಿದ. ಸದ್ಯ ಇಲ್ಲಂತ ಬರಕೋ, ಗಂಡು ಹುಟ್ಟಲಿ, ಆಗ ನೋಡೂಣು ಅಂದ."

ನಾನು ಕಾಕಾನ ಕಡೆ ನೋಡಿದೆ. ಅವನು ಎಮ್ಮೆಯ ಬೆನ್ನು ಸವರುತ್ತ, ಅದಕ್ಕೇ ಹೇಳುವವನ ಹಾಗೆ ಹೇಳಿದ: "ಅಣ್ಣ ತೀರಿದ ಮ್ಯಾಲೆ ಹೆಳವ ಒಮ್ಮೆ ಬಂದಿದ್ದ. ಹುಡುಗಿ ಹೆಸರ ಸೇರಸ್ರಿ ಅಂದೆ. ಬರಸಿದವರ ಬಂದು ತಿದ್ದಬೇಕು, ನಾ ತಿದ್ದಾಂಗಿಲ್ಲ ಅಂದ. ಮೊನ್ನೆ ಸಂಜಿಗೆ ಅವ ಊರಿಗೆ ಬಂದ ಕೂಡ್ಲೇ ಗುಡಿಗೆ ಹೋಗಿ ಮತ್ತ ಕೇಳೇನಿ. ಒಲ್ಲೆ ಅಂದಾನ. ನಿನ್ನ ಕಿವಿಗೆ ಬೀಳೂದು ಬ್ಯಾಡಂತ ಊಟಕ್ಕ ಎಬ್ಬಿಸಿದೆ." ಮೇವಿನ ಕಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದ.

ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆಗೆ ಒಯ್ಯುತ್ತಿದ್ದವನು. ಅವನ ಮೇಲೆ ಒಂದೇ ಒಂದು ದಿನ ನನಗೆ ಅನುಮಾನ ಬಂದಿರಲಿಲ್ಲ. ಈಗ ಜಗಳಾಡೋಣವೆಂದರೆ ಅವನಿಲ್ಲ. ಸಿಟ್ಟನ್ನೆಲ್ಲ ಅವ್ವನ ಮೇಲೆ ತಿರುಗಿಸಿದೆ. ನೀನಾದರೂ ಬಾಯಿಬಿಡಬಾರದಿತ್ತೇ, ಅಲ್ಲೇ ಕೂತಿದ್ದೆಯಲ್ಲ ಎಂದು ಅಳುತ್ತ ಕೇಳಿದೆ.

ಅವ್ವ ಬೆರಳಿಗಂಟಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು.

"ನೀ ನನ್ನ ತೊಡಿ ಮ್ಯಾಲೆ ಮಲಗಿದ್ದಿ. ಮಾತಾಡಿದ್ರ ಎಚ್ಚರಾಗ್ತಿದ್ದಿ."