ಬೀಗ ನನ್ನ ಬ್ಯಾಗಿನಲ್ಲಿ, ಬೀಗದ ಕೈ ಅವಳದರಲ್ಲಿ

ಕಳೆದ ತಿಂಗಳು ಕೊಲಂಬೊದ ಒಂದು ಹಾಸ್ಟೆಲಿನಲ್ಲಿ ನಾನು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಾತ್‌ರೂಮಿಗೆ ಹೋಗಿಬಂದೆ.

ಇನ್ನೊಂದು ಚಪ್ಪಲಿ ಕಳೆದುಹೋಗಿರಲಿಲ್ಲ. ಯಾರೂ ಕದ್ದಿರಲಿಲ್ಲ. ಅದು ಬೇಗೂರಿನ ನಮ್ಮ ಫ್ಲ್ಯಾಟಿನಲ್ಲಿ, ಬೀರುವಿನ ಮೇಲೆ, ನನ್ನ ಹೆಂಡತಿಯ ಬ್ಯಾಗಿನೊಳಗೆ ಸುರಕ್ಷಿತವಾಗಿತ್ತು.

ಸರೋಜ ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗಾಗಿ ಎರಡು ಮಾತು. ಅವಳು ಬೇಗೂರಿನವಳೇ, ನಾಲ್ಕು ತಲೆಮಾರಿನಿಂದ. ನಾನು ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿದ್ದವನು. ಬೇಗೂರಿನಿಂದ ಪೀಣ್ಯಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. (ನಮ್ಮ ಮನೆಯ ಮೊದಲ ವಿಶ್ವ ಪರ್ಯಟನೆ ಅದೇ.) ಅವಳು ರಫ್ತು ಬ್ಯಾಗ್ ಹೊಲಿಯುವ ಒಂದು ಫ್ಯಾಕ್ಟರಿಯಲ್ಲಿ ಟೈಲರ್. ಬೆನ್ನಿಗೆ ಹಾಕಿಕೊಳ್ಳುವ ದೊಡ್ಡ ಬ್ಯಾಗುಗಳ ಪಟ್ಟಿ ಹೊಲಿಯುವುದು ಅವಳ ಕೆಲಸ. ಇಡೀ ದಿನ ಪಟ್ಟಿ, ಬರೀ ಪಟ್ಟಿ.

ಒಂದು ಸಂಜೆ ಊಟಕ್ಕೆ ಕೂತಾಗ ಕೇಳಿದಳು: "ಅಲ್ಲಾ ಕಣ್ರೀ, ಈ ಬ್ಯಾಗೆಲ್ಲಾ ಎಲ್ಲಿಗ್ ಓಯ್ತವೆ?"

"ಫಾರಿನ್‌ಗೆ."

"ಫಾರಿನ್ ಅಂದ್ರೆ ಎಲ್ಲಿಗೆ? ಒಂದ್ಸಲ ನೋಡ್ಬೇಕಲ್ಲ."

ನಮ್ಮ ತಿರುಗಾಟ ಶುರುವಾದದ್ದು ಹೀಗೆ. ನಮಗೆ ಮಕ್ಕಳಿಲ್ಲ. ಇಬ್ಬರೂ ರಜೆ ಕೂಡಿಹಾಕಿಕೊಂಡು ವರ್ಷಕ್ಕೊಂದು ಸಲ ಹೊರಡುತ್ತಿದ್ದೆವು. ಎರಡು ಬ್ಯಾಗನ್ನೂ ಅವಳೇ ಹೊಲಿದಳು. ನನಗೆ ನೀಲಿ, ಅವಳಿಗೆ ಬೂದು. ಒಟ್ಟು ಹನ್ನೊಂದು ದೇಶ. ಇಂಗ್ಲಿಷ್ ಇಬ್ಬರಿಗೂ ಅಷ್ಟಕ್ಕಷ್ಟೆ. ಅವಳು ಎಲ್ಲ ದೇಶದಲ್ಲೂ ಕನ್ನಡದಲ್ಲೇ ಚೌಕಾಸಿ ಮಾಡಿದಳು, ಅದೂ ಬೇಗೂರಿನ ಕನ್ನಡದಲ್ಲಿ. ಕೆಲಸ ನಡೆಯಿತು. ಲಿಸ್ಬನ್ ನಗರದ ಏರುಬೀದಿಯಲ್ಲಿ ಒಬ್ಬ ಎತ್ತರದ ಬಿಳಿಯನ ಹಿಂದೆ ಏದುಸಿರು ಬಿಡುತ್ತಾ ಓಡಿ, ಅವನ ಬ್ಯಾಗಿನ ಪಟ್ಟಿ ತಿರುಗಿಸಿ ಹೊಲಿಗೆ ನೋಡಿಬಂದಳು. ಅವನು ಗಾಬರಿಯಾಗಿ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟಿದ್ದ.

"ವಲಿಗೆ ನಮ್ದಲ್ಲ, ಬಿಡಿ" ಎಂದಳು, ಬೇಜಾರಿನಿಂದ.

ಈಗ ಚಪ್ಪಲಿಗೆ ಬರುತ್ತೇನೆ.

ನಮ್ಮ ಮೊದಲ ಪ್ರವಾಸ ಇಸ್ತಾಂಬುಲ್‌ಗೆ. ಎರಡನೆಯ ದಿನವೇ ನಾನು ಅವಳನ್ನು ಕಳೆದುಕೊಂಡೆ. ಟ್ರಾಮ್ ಬಂತು, ಹತ್ತಿದೆ, ಬಾಗಿಲು ಮುಚ್ಚಿತು. ಹಿಂದೆಯೇ ಬಂದಿರುತ್ತಾಳೆ ಎಂದುಕೊಂಡೆ. ಗಂಡಸರು ಯಾವಾಗಲೂ ಹಾಗೇ ಅಲ್ಲವೇ ಅಂದುಕೊಳ್ಳುವುದು? ಮೂರು ಸ್ಟಾಪ್ ಆದ ಮೇಲೆ ತಿರುಗಿ ನೋಡಿದರೆ ಸರೋಜ ಇಲ್ಲ. ಹಣ, ಹೋಟೆಲಿನ ವಿಳಾಸ, ನೀರಿನ ಬಾಟಲಿ, ಎಲ್ಲವೂ ನನ್ನ ಬೆನ್ನ ಮೇಲೆ. ಅವಳ ಕೈಯಲ್ಲಿ ಅರ್ಧ ತಿಂದ ಒಂದು ಬನ್ನು.

ವಾಪಸ್ ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ. ಅವಳು ಅದೇ ಕಂಬದ ಪಕ್ಕ ನಿಂತಿದ್ದಳು. ಬನ್ನು ಮುಗಿದಿರಲಿಲ್ಲ. ಅಳಲಿಲ್ಲ, ಬೈಯಲಿಲ್ಲ.

"ಎಲ್ಲಾ ನಿಮ್ ತಾವೇ ಇತ್ತಲ್ಲ. ಅದುಕ್ಕೇ ತಿರುಗಿ ನೋಡ್ದೆ ಒಂಟೋದ್ರಿ" ಎಂದಳು. ಅಷ್ಟೇ.

ಅಂದು ಸಂಜೆ ರೂಮಿನಲ್ಲಿ ಎರಡೂ ಬ್ಯಾಗನ್ನು ಮಂಚದ ಮೇಲೆ ಸುರಿದು, ಹೊಸದಾಗಿ ಹಂಚಿದಳು. ಬೀಗ ನನಗೆ, ಬೀಗದ ಕೈ ಅವಳಿಗೆ. ಕಾಫಿ ಫಿಲ್ಟರಿನ ಮೇಲಿನ ಡಬ್ಬ ನನಗೆ, ಕೆಳಗಿನದು ಅವಳಿಗೆ. ಚಾರ್ಜರಿನ ಪ್ಲಗ್ ನನಗೆ, ವೈರು ಅವಳಿಗೆ. ಕೊನೆಗೆ ಚಪ್ಪಲಿ. ನನ್ನ ಎಡಗಾಲಿನದು ನನ್ನ ಬ್ಯಾಗಿಗೆ, ಬಲಗಾಲಿನದು ಅವಳದಕ್ಕೆ. ಅವಳ ಜೊತೆಯನ್ನೂ ಹಾಗೇ ಒಡೆದಳು, ಎಡ ಅವಳಿಗೆ, ಬಲ ನನಗೆ. (ಪಾಸ್‌ಪೋರ್ಟ್ ಮಾತ್ರ ಅವರವರದು ಅವರವರ ಹತ್ತಿರ. "ಅದ್ರಾಗೆ ತಮಾಷೆ ಬ್ಯಾಡ" ಎಂದಿದ್ದಳು.)

"ಚಪ್ಪಲಿ ಯಾಕೆ ಮಾರಾಯ್ತಿ?" ಎಂದೆ.

"ಜಗಳ ಆದ್ರೂ ದೂರ ಓಗ್ಬಾರ್ದಲ್ಲ, ಅದುಕ್ಕೆ. ಅರ್ಧ ನನ್ ತಾವ ಇದ್ರೆ ನೀವು ತಿರುಗಿ ನೋಡ್ತೀರಿ."

ಜಗಳ ಆಗಲಿಲ್ಲವೇ? ಯಾಕಿಲ್ಲ? ವಿಯೆಟ್ನಾಂನಲ್ಲಿ ಅರ್ಧ ದಿನ ಮಾತು ಬಿಟ್ಟೆವು. ನಾಲ್ಕು ಗಂಟೆಗೆ ಕಾಫಿ ಬೇಕಾಯಿತು. ನಾನು ಮೇಲಿನ ಡಬ್ಬ ಹಿಡಿದುಕೊಂಡು ಅವಳ ಮುಂದೆ ನಿಂತೆ. ಅವಳು ಕೆಳಗಿನದನ್ನು ಮುಂದೆ ತಳ್ಳಿದಳು. ರಾಜಿ ಪಂಚಾಯಿತಿ ಮುಗಿಯಿತು.

ಊರಿಗೆ ಬಂದ ಮೇಲೂ ಬ್ಯಾಗುಗಳನ್ನು ಬಿಚ್ಚುವಂತಿರಲಿಲ್ಲ. ಬಟ್ಟೆ ಮಾತ್ರ ಒಗೆಯಲು ತೆಗೆಯುತ್ತಿದ್ದಳು. ಉಳಿದದ್ದು ಹಾಗೇ ಬೀರುವಿನ ಮೇಲೆ, ನೀಲಿ, ಬೂದು, ಅಕ್ಕಪಕ್ಕ. "ಬ್ಯಾಗು ಬಿಚ್ಚಿಬುಟ್ರೆ ಮನ್ಸೂ ಕೂತ್ಬುಡ್ತದೆ" ಎನ್ನುತ್ತಿದ್ದಳು.

ಸರೋಜ ಹೋಗಿ ಹದಿನಾಲ್ಕು ತಿಂಗಳಾಯಿತು. ನಿಮ್ಮಲ್ಲಿ ಹಲವರು ಆಗ ನನಗೆ ಪತ್ರ ಬರೆದಿರಿ. ಉತ್ತರ ಬರೆಯಲಾಗಲಿಲ್ಲ, ಕ್ಷಮಿಸಿ. ಮನೆಯಲ್ಲಿ ಸುಮ್ಮನೆ ಕೂತು ಕೂತು, ಕಳೆದ ತಿಂಗಳು ಇದ್ದಕ್ಕಿದ್ದಂತೆ ಕೊಲಂಬೊಗೆ ಟಿಕೆಟ್ ಬುಕ್ ಮಾಡಿದೆ. ಹತ್ತಿರದ ದೇಶ, ಆರು ದಿನ. ಒಬ್ಬನೇ ಹೋಗಬಲ್ಲೆನೋ ಇಲ್ಲವೋ ನೋಡೋಣ ಎಂದು. ನೀಲಿ ಬ್ಯಾಗನ್ನು ಇಳಿಸಿ, ಮೇಲೆ ನಾಲ್ಕು ಶರ್ಟ್ ತುರುಕಿ, ಜಿಪ್ ಎಳೆದು ಹೊರಟೆ.

ತಳದಲ್ಲಿ ಏನಿದೆ ಎಂದು ನೋಡಲೇ ಇಲ್ಲ. ಮೂವತ್ತು ವರ್ಷ ಟೂಲ್ ರೂಮಿನಲ್ಲಿ ಒಂದು ಬೋಲ್ಟನ್ನೂ ನಟ್ಟು ನೋಡದೆ ಹೊರಗೆ ಬಿಟ್ಟವನಲ್ಲ ನಾನು!

ಹಾಸ್ಟೆಲಿನ ಆ ಕೋಣೆಯಲ್ಲಿ ಆರು ಮಂಚ, ಮೂರು ಕೆಳಗೆ, ಮೂರು ಮೇಲೆ. ಬ್ಯಾಗ್ ತೆರೆದು ಒಂದೊಂದೇ ಹೊರಗಿಟ್ಟೆ. ಬೀಗ, ಕೈ ಇಲ್ಲ. ಪ್ಲಗ್, ವೈರಿಲ್ಲ. ಫಿಲ್ಟರಿನ ಮೇಲಿನ ಡಬ್ಬ. ನನ್ನ ಎಡ ಚಪ್ಪಲಿ. ಅದರ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಸರೋಜಳ ಬಲ ಚಪ್ಪಲಿ.

ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಕೆಳಗಿನ ಮಂಚದಲ್ಲಿ ನನ್ನಷ್ಟೇ ವಯಸ್ಸಿನ ಒಬ್ಬ ಮೇಷ್ಟರಿದ್ದರು, ಜಾಫ್ನಾ ಕಡೆಯವರು. ಬೀಗವನ್ನು ನೋಡಿ, "ಕೀ?" ಎಂದರು.

"ವೈಫ್ ಬ್ಯಾಗ್" ಎಂದೆ.

"ವೈಫ್ ಕಮಿಂಗ್?"

"ನಾಟ್ ಕಮಿಂಗ್."

ಅವರಿಗೆ ಅರ್ಥವಾಯಿತು ಅಂತ ಕಾಣುತ್ತದೆ. "ಯು ಗೋ ಬಾತ್. ಐ ವಾಚ್" ಎಂದು ನನ್ನ ಬ್ಯಾಗನ್ನು ತಮ್ಮ ಕಾಲಿನ ಹತ್ತಿರ ಎಳೆದುಕೊಂಡರು. ಆಗಲೇ ನಾನು ಒಂದು ಚಪ್ಪಲಿಯಲ್ಲಿ ಹೋಗಿಬಂದದ್ದು.

ಆರು ದಿನಕ್ಕೆಂದು ಹೋದವನು ಮೂರನೆಯ ದಿನ ವಾಪಸ್ ಬಂದೆ. ನೀಲಿ ಬ್ಯಾಗನ್ನು ಬೀರುವಿನ ಮೇಲೆ, ಬೂದು ಬ್ಯಾಗಿನ ಪಕ್ಕ ಇಟ್ಟೆ. ಇನ್ನು ಸಾಕು ಅಂದುಕೊಂಡೆ.

ಆದರೆ ಕಳೆದ ಭಾನುವಾರ ಕಾಲಿಂಗ್ ಬೆಲ್ ಆಯಿತು. ಕೆಳಗಿನ ಮಹಡಿಯ ಮೇಘಾ ಮತ್ತು ಕಿರಣ್. ಹುಬ್ಬಳ್ಳಿಯವರು, ಇಬ್ಬರಿಗೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಮದುವೆಯಾಗಿ ಎರಡು ವರ್ಷ. ಮೇಘಾಳಿಗೆ ಸರೋಜ ಒಗ್ಗರಣೆ ಅವರೆಕಾಳು ಕೊಟ್ಟು, ಅವಳಿಂದ ರೊಟ್ಟಿ ಬಡಿಯುವುದನ್ನು ಕಲಿಯಲು ಹೋಗಿ ಸೋತು ಬಂದಿದ್ದಳು.

"ಅಂಕಲ್, ವಿಯೆಟ್ನಾಂಗ ಹೊಂಟೀವ್ರೀ" ಎಂದಳು ಮೇಘಾ. "ಬ್ಯಾಕ್‌ಪ್ಯಾಕ್ ಟ್ರಿಪ್. ಆದ್ರ ಇವ್ರು ನೋಡ್ರಿ, ಟ್ರಾಲಿ ತರ್ತೀನಿ ಅಂತಾರ."

"ಬೆನ್ನು ನೋವು ಐತಿ ಮಾರಾಯ್ತಿ" ಎಂದ ಕಿರಣ್.

"ಆಫೀಸಿಗೆ ಮೂರು ಚಾರ್ಜರ್ ಹೊತ್ಗೊಂಡು ಹೋಗೂ ಮುಂದ ಬೆನ್ನು ನೋಯಂಗಿಲ್ಲೇನು? ಟ್ರಾಲಿ ಎಳಕೊಂತ ಬೆಟ್ಟ ಹತ್ತೀರೇನು?" ಎಂದು ಅವನ ಬಾಯಿ ಮುಚ್ಚಿಸಿ, ನನ್ನ ಕಡೆ ತಿರುಗಿದಳು. ದನಿ ಇಳಿಯಿತು. "ಇವ್ರಿಗೆ ಬ್ಯಾಗ್ ಐತ್ರೀ. ನನಗ ಇಲ್ಲ. ಆಂಟಿ ಬ್ಯಾಗ್... ನಿಮಗ ಬ್ಯಾಸರ ಇಲ್ಲ ಅಂದ್ರ ಅಷ್ಟ. ಇಲ್ಲಾಂದ್ರ ಬ್ಯಾಡ್ರೀ."

ನಾನು ಆ ಬ್ಯಾಗನ್ನು ಹದಿನಾಲ್ಕು ತಿಂಗಳು ತೆರೆದಿಲ್ಲ. ಕೊಡಬೇಕಾದರೆ ಖಾಲಿ ಮಾಡಬೇಕು. ಖಾಲಿ ಮಾಡಿದರೆ ಅವಳ ಅರ್ಧ ನನ್ನ ಅರ್ಧದ ಜೊತೆ ಸೇರಬೇಕು. ಸೇರಿದರೆ ಉಳಿಯುವುದು ಒಂದೇ ಬ್ಯಾಗು, ಒಬ್ಬನೇ ಮನುಷ್ಯ. ಇಲ್ಲ ಎನ್ನಲು ಬಾಯಿ ತೆರೆದೆ.

ಆಗ ಲಿಸ್ಬನ್ನಿನ ಆ ಬಿಳಿಯ ನೆನಪಾದ. ತಾನು ಹೊಲಿದದ್ದು ಯಾರ ಬೆನ್ನ ಮೇಲಿದೆ ಎಂದು ಬೀದಿಯಲ್ಲಿ ಓಡಿದವಳು ಅವಳು. ಅವಳ ಹೊಲಿಗೆಗೆ ಬೀರುವಿನ ಮೇಲೆ ಧೂಳು ಹಿಡಿಸಲು ನಾನ್ಯಾರು?

"ಇಳಿಸಿಕೊಡಪ್ಪ ಕಿರಣ್" ಎಂದೆ. ಅವನು ಸ್ಟೂಲ್ ಹತ್ತಿ ಎರಡನ್ನೂ ಇಳಿಸಿದ.

ಬೂದು ಬ್ಯಾಗಿನ ಜಿಪ್ ಬಿಗಿದುಕೊಂಡಿತ್ತು. ಮೇಣದಬತ್ತಿ ತಂದು ಹಲ್ಲುಗಳಿಗೆ ಉಜ್ಜಿದೆ. ಸರಿದು ಬಂತು. ಕಿರಣ್ ಒಂದೊಂದೇ ವಸ್ತುವನ್ನು ಮಂಚದ ಮೇಲಿಟ್ಟ, ನಾನು ಅದರ ಜೋಡಿಯನ್ನು ನೀಲಿ ಬ್ಯಾಗಿನಿಂದ ತೆಗೆದು ಪಕ್ಕಕ್ಕಿಟ್ಟೆ. ಪ್ಲಗ್ಗಿಗೆ ವೈರು ಸೇರಿತು. ಫಿಲ್ಟರ್ 'ಟಕ್' ಎಂದು ಕೂತಿತು. ನನ್ನ ಚಪ್ಪಲಿ ಎರಡಾಯಿತು. ಅವಳದೂ ಎರಡಾಯಿತು.

ಮೇಘಾ ಬ್ಯಾಗಿನೊಳಗೆ ಕೈ ಹಾಕಿ ತಡಕಿದಳು. "ಅಂಕಲ್, ಇದರ ಕೀಲಿ ಎಲ್ಲೈತ್ರೀ?"

"ಅಲ್ಲೇ ನಿನ್ನ ಕೈಗೇ ಸಿಕ್ಕಿದೆಯಲ್ಲಮ್ಮ."

"ಇದು ಕೀಲಿ ಅಲ್ರೀ, ಕೀಲಿಕೈ. ನಾ ಕೇಳಿದ್ದು ಕೀಲಿ."

ನನಗೆ ತಲೆಬುಡ ತಿಳಿಯಲಿಲ್ಲ. ಕಿರಣ್ ನಕ್ಕುಬಿಟ್ಟ. "ಅಂಕಲ್, ನಮ್ಮ ಕಡೆ ಕೀಲಿ ಅಂದ್ರ ನಿಮ್ಮ ಬೀಗ. ನಿಮ್ಮ ಬೀಗದ ಕೈ ಅಂದ್ರ ನಮ್ಮ ಕೀಲಿಕೈ. ಬೆಂಗಳೂರಿಗೆ ಬಂದ ಹೊಸದಾಗಿ ನಾನೂ ಮನಿ ಓನರ್‌ಗೆ ಕೀಲಿ ಕೊಡ್ರಿ ಅಂದ್ರ, ಬರೇ ಬೀಗದ ಕೈ ಕೊಟ್ಟು ಕಳಿಸಿದ್ರು!"

ನಾನೂ ನಕ್ಕೆ. ಬಹಳ ದಿನಗಳ ಮೇಲೆ. ಅವರದು ಕೀಲಿ, ನಮ್ಮದು ಬೀಗ. ಆದರೆ ಗಮನಿಸಿದಿರಾ? ಎರಡೂ ಕಡೆ 'ಕೈ' ಮಾತ್ರ ಇದ್ದೇ ಇದೆ.

ಬೀಗದ ಕೈ ಬ್ಯಾಗಿನ ಒಳಗೆ ಒಂದು ಸಣ್ಣ ಕುಣಿಕೆಗೆ ಕೆಂಪು ದಾರದಲ್ಲಿ ಕಟ್ಟಿತ್ತು. ಸುಮ್ಮನೆ ಗಂಟು ಹಾಕಿದ್ದಲ್ಲ, ಸೂಜಿಯಲ್ಲಿ ಹೊಲಿದದ್ದು. ಪಟ್ಟಿ ಹೊಲಿಯುವ ಅದೇ ಡಬಲ್ ಹೊಲಿಗೆ. ನಾನು ನೀಲಿ ಬ್ಯಾಗಿನಿಂದ ಬೀಗ ತೆಗೆದು ಕೊಟ್ಟೆ. ಮೇಘಾ ಬೀಗದ ಕೈ ಹಾಕಿ ತಿರುಗಿಸಿದಳು. ತೆರೆದುಕೊಂಡಿತು.

"ಕತ್ತರಿ ಕೊಡ್ರಿ ಅಂಕಲ್" ಎಂದ ಕಿರಣ್. "ದಾರ ಕತ್ತರಿಸಿ, ಎಲ್ಲಾ ನಿಮ್ಮ ಒಂದ ಬ್ಯಾಗಿಗೆ ಹಾಕಿಬಿಡೂಣು. ನಿಮಗೂ ಅನುಕೂಲ ಆಗತೈತಿ."

ಕತ್ತರಿ ತಂದೆ. ದಾರದವರೆಗೆ ಒಯ್ದೆ. ಕತ್ತರಿಸಲಾಗಲಿಲ್ಲ.

ಫಿಲ್ಟರನ್ನು ಅಡುಗೆಮನೆಯಲ್ಲಿಡಬಹುದು. ಚಪ್ಪಲಿಯನ್ನು ಬಾಗಿಲ ಬಳಿ ಬಿಡಬಹುದು. ಉಳಿದದ್ದನ್ನು ಒಂದೇ ಬ್ಯಾಗಿಗೆ ತುಂಬಬಹುದು, ತುಂಬಿದೆ ಕೂಡ. ಆದರೆ ಆ ಹೊಲಿಗೆಯನ್ನು ಬಿಚ್ಚುವುದು ನನ್ನ ಕೆಲಸವಲ್ಲ ಅನ್ನಿಸಿತು.

"ಅದು ಅಲ್ಲೇ ಇರಲಿ ಬಿಡಮ್ಮ" ಎಂದೆ ಮೇಘಾಳಿಗೆ. "ಬ್ಯಾಗಿನ ಜೊತೆ ಹೋಗಿಬರಲಿ. ಆ ಊರು ಅದಕ್ಕೆ ಗೊತ್ತು."

"ಮತ್ತ ಕೀಲಿ? ಅಂದ್ರ, ಬೀಗ?"

"ಅದು ನನ್ನ ಹತ್ತಿರ ಇರುತ್ತೆ. ನೀವು ವಾಪಸ್ ಬರಬೇಕಲ್ಲ."

ಆಮೇಲೆ ಅವರಿಬ್ಬರನ್ನೂ ಕೂರಿಸಿ, ಇಸ್ತಾಂಬುಲ್ಲಿನ ಕತೆ ಹೇಳಿದೆ. ಬನ್ನಿನ ಸಮೇತ. ಕಿರಣ್‌ನ ಚಪ್ಪಲಿಯ ಮೇಲೆ ಮೇಘಾಳ ಕಣ್ಣು ಬಿದ್ದದ್ದು ನನಗೆ ಕಾಣಿಸಿತು.

"ಅಂಕಲ್, ನೀವು ಇಕಿಗೆ ಹೇಳಬಾರದಿತ್ತು" ಎಂದು ಅವನು ಗೋಳಾಡಿದ.

ಗುರುವಾರ ಬೆಳಿಗ್ಗೆ ಹೊರಟರು. ನಾನು ಬಾಲ್ಕನಿಯಲ್ಲಿ ನಿಂತು, ಆಗಷ್ಟೇ ತೊಳೆದ ಫಿಲ್ಟರಿನ ಕಾಫಿ ಕುಡಿಯುತ್ತಿದ್ದೆ. ಗೇಟಿನ ಹೊರಗೆ ಕ್ಯಾಬ್. ಕಿರಣ್ ಮುಂದೆ, ಮೇಘಾ ಹಿಂದೆ. ಅವಳ ಬೆನ್ನ ಮೇಲೆ ಬೂದು ಬಣ್ಣದ ಬ್ಯಾಗು ನಡೆದುಹೋಗುತ್ತಿತ್ತು. ಹಿಂದಿನಿಂದ ಆ ಬ್ಯಾಗನ್ನು ನಾನು ನೋಡಿದ್ದು ಕಡಿಮೆ. ಯಾವಾಗಲೂ ನಾನೇ ಮುಂದೆ ಹೋಗುತ್ತಿದ್ದವನು.

ಕಿರಣ್ ಕ್ಯಾಬಿನ ಬಾಗಿಲು ತೆಗೆದು, ಒಳಗೆ ಕೂರುವ ಮೊದಲು ನಿಂತ. ತಿರುಗಿ ನೋಡಿದ. ಹೆಂಡತಿ ಬರುತ್ತಿದ್ದಾಳೆಯೇ ಎಂದು.

ಅಂದರೆ ಚಪ್ಪಲಿ ಹಂಚಿಕೆಯಾಗಿದೆ.

ಗೇಟಿನಲ್ಲಿ ಮೇಘಾಳೂ ತಿರುಗಿ, ನನ್ನ ಬಾಲ್ಕನಿಯತ್ತ ಕೈ ಎತ್ತಿದಳು. ನಾನು ಲೋಟ ಕೆಳಗಿಟ್ಟು ಜೇಬಿನಲ್ಲಿದ್ದ ಬೀಗವನ್ನು ಎತ್ತಿ ತೋರಿಸಿದೆ.

ನನ್ನ ಬೀಗದ ಕೈ ವಿಯೆಟ್ನಾಂಗೆ ಹೋಗಿದೆ. ನಿಮ್ಮ ಬೀಗದ ಕೈ ಈಗ ಯಾರ ಕೈಯಲ್ಲಿದೆ?